ನೀರು ಬಿಡದ ಪಟ್ಟೆ

ಕಾಫಿ ಹೂವಿನ ಘಮ ಅಂದರೆ ಎಲ್ಲರೂ ಮಲ್ಲಿಗೆಯನ್ನು ನೆನೆಯುತ್ತಾರೆ. ನನಗೆ ಆ ಘಮದ ಜೊತೆಗೆ ಡೀಸೆಲ್ ಹೊಗೆಯೂ ಮೂಗಿಗೆ ಬಡಿಯುತ್ತದೆ. ಹೋದ ತಿಂಗಳು ಸಕಲೇಶಪುರದಿಂದ ಯಸಳೂರಿನ ಬಸ್ಸು ಹತ್ತಿದ್ದೆ. ಯಾವುದೋ ತಿರುವಿನಲ್ಲಿ ಎರಡೂ ವಾಸನೆ ಒಟ್ಟಿಗೆ ಕಿಟಕಿಯಿಂದ ನುಗ್ಗಿದವು. ಪಕ್ಕದಲ್ಲಿ ಕೂತಿದ್ದ ಹೆಂಗಸು, "ಆಹಾ, ಎಷ್ಟ್ ಚೆನ್ನಾಗೈತೆ ಅಲ್ವಾ?" ಅಂದರು. ಹೂಂ ಅಂದೆ. ಮನಸ್ಸು ಆಗಲೇ ಕೆಲವು ವರ್ಷ ಹಿಂದಕ್ಕೆ ಜಾರಿ, ಆ ಬರದ ಬೇಸಿಗೆಯಲ್ಲಿ ಜಯಕ್ಕನ ಕೆರೆ ಏರಿಯ ಮೇಲೆ ಹೋಗಿ ನಿಂತಿತ್ತು.

ಆಗ ನಾನು ಪಿಎಚ್‌ಡಿ ಮಾಡುತ್ತಿದ್ದೆ. ಈಗ ಕಾಲೇಜಿನಲ್ಲಿ ಪಾಠ ಮಾಡಿಕೊಂಡು ಸುಖವಾಗಿದ್ದೇನೆ, ಆಗ ಸುಖ ಅನ್ನುವುದೇನೂ ಇರಲಿಲ್ಲ. ನನ್ನ ಊರು ಆಲೂರು. ಆಲೂರಿನಲ್ಲಿ ಹುಟ್ಟಿ ಬೆಳೆದವಳಾದರೂ ಕಾಫಿಯ ವಿಷಯದಲ್ಲಿ ನನಗೆ ಕುಡಿಯುವುದು ಬಿಟ್ಟರೆ ಬೇರೇನೂ ಗೊತ್ತಿರಲಿಲ್ಲ. ಮಳೆಗಾಲ ಹಿಂದೆ ಮುಂದೆ ಆದರೆ ಕಾಫಿಯ ಹೂವು ಏನಾಗುತ್ತದೆ ಅನ್ನುವುದು ನನ್ನ ಸಂಶೋಧನೆಯ ವಿಷಯ. ಯಸಳೂರಿನಲ್ಲಿ ಒಂದು ರೂಮು ಹಿಡಿದು, ಸುತ್ತಲಿನ ಸಣ್ಣ ಬೆಳೆಗಾರರ ತೋಟ ಸುತ್ತುವುದು ಕೆಲಸ.

ಅಲ್ಲಿಯ ತೋಟಗಳಲ್ಲಿ ಹೆಚ್ಚು ರೊಬಸ್ಟಾ ತಳಿಯ ಕಾಫಿ. ಚಳಿ ಮುಗಿಯುವ ಹೊತ್ತಿಗೆ ಗಿಡ ಮೊಗ್ಗು ಕಟ್ಟಿ ಕಾಯುತ್ತಾ ನಿಲ್ಲುತ್ತದೆ. ಬೇಸಿಗೆಯ ಶುರುವಿಗೆ ಒಂದು ಹದವಾದ ಮಳೆ ಬಿದ್ದರೆ ವಾರ, ಹತ್ತು ದಿನದಲ್ಲಿ ತೋಟವೆಲ್ಲ ಬೆಳ್ಳಗಾಗುತ್ತದೆ. ಅದಕ್ಕೆ ಹೂಮಳೆ ಅನ್ನುತ್ತಾರೆ. ಹೂಮಳೆ ಬರದಿದ್ದರೆ ಕೆರೆಗೆ ಪಂಪು ಹಚ್ಚಿ, ಸ್ಪ್ರಿಂಕ್ಲರ್ ತಿರುಗಿಸಿ, ನಾವೇ ಮಳೆ ಮಾಡಬೇಕು. ಎರಡೂ ಇಲ್ಲವೆಂದರೆ ಮೊಗ್ಗು ಕರಕಲಾಗಿ ಉದುರುತ್ತದೆ. ಮುಂದಿನ ವರ್ಷ ಕೊಯ್ಯುವುದಕ್ಕೆ ಏನೂ ಇರುವುದಿಲ್ಲ.

ಜಯಕ್ಕನಿಗೆ ಇದ್ದದ್ದು ಮೂರು ಎಕರೆ. ಗಂಡ ದೋಣಿಗಲ್ ಕಡೆಯ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್, ಭಾನುವಾರಕ್ಕೊಮ್ಮೆ ಬರುವವರು. ತೋಟ, ಕೆರೆ, ಆಳುಕಾಳು ಎಲ್ಲ ಜಯಕ್ಕನ ಕೈಯಲ್ಲೇ. ಗಟ್ಟಿ ದನಿ, ಗಟ್ಟಿ ಮೈ, ಯಾರಿಗೂ ಸೊಪ್ಪು ಹಾಕುವ ಜಾಯಮಾನವಲ್ಲ. ಆ ಮೂರು ಎಕರೆಯಲ್ಲಿ ಕೆರೆಯಿಂದ ದೂರದ ಇಳಿಜಾರಿನ ಸುಮಾರು ಅರ್ಧ ಎಕರೆಗೆ ನಾನು ಹಳದಿ ಹಗ್ಗ ಕಟ್ಟಿದ್ದೆ. ಆ ಹಗ್ಗದೊಳಗೆ ಪಂಪಿನ ನೀರು ಬಿಡಬಾರದು, ಬಂದರೆ ಮಳೆಯ ನೀರು ಮಾತ್ರ. ನೀರು ಬಿಟ್ಟ ಕಡೆ ಎಷ್ಟು ಹೂವು, ಬಿಡದ ಕಡೆ ಎಷ್ಟು ಹೂವು ಅಂತ ಹೋಲಿಸುವುದು ನನ್ನ ಲೆಕ್ಕಾಚಾರ. ಹಗ್ಗ ಕಟ್ಟಿದ ವರ್ಷ ಹೂಮಳೆ ಚೆನ್ನಾಗಿಯೇ ಬಂದು ಯಾರಿಗೂ ಯಾವ ನಷ್ಟವೂ ಆಗಲಿಲ್ಲ. ಊರಿನವರು ಅದಕ್ಕೆ ಮೇಡಂ ಪಟ್ಟೆ ಅಂತ ಹೆಸರಿಟ್ಟು ನಕ್ಕು ಸುಮ್ಮನಾದರು.

ನಗುವವರಲ್ಲಿ ಮುಂದಾಳು ರಫೀಕಣ್ಣ. ಯಸಳೂರಿನಲ್ಲಿ ಪಂಪ್‌ಸೆಟ್ಟು, ಪೈಪು, ಸ್ಪ್ರಿಂಕ್ಲರ್ ಬಾಡಿಗೆಗೆ ಕೊಡುವವನು. ಅವನ ಪಿಕಪ್ ಗಾಡಿ ಹೋಗದ ತೋಟವಿಲ್ಲ, ಅವನಿಗೆ ಗೊತ್ತಿಲ್ಲದ ಸುದ್ದಿಯಿಲ್ಲ. ನನ್ನ ಪ್ರಬಂಧದ ಮೊದಲ ಅಧ್ಯಾಯ, ನಮ್ಮಂಥ ದೇಶಗಳಲ್ಲಿ ಹವಾಮಾನದ ಸಂಶೋಧನೆ ಹೇಗೆ ಹೇಗೆ ಸಾಗಿಬಂತು ಅನ್ನುವುದು. ಅದಕ್ಕಾಗಿ ರಾಶಿ ಲೇಖನ ಓದಿ ತಲೆ ಚಿಟ್ಟುಹಿಡಿದಿತ್ತು. ಹಳೆಯ ಲೇಖನಗಳಲ್ಲಿ ನಾವು ನಕಾಶೆಯ ಮೇಲಿನ ಒಂದು ಬಣ್ಣದ ಚೌಕ ಅಷ್ಟೇ. ಆಮೇಲೆ ಎಲ್ಲರೂ ನಮ್ಮ ದುರ್ಬಲತೆ ಅಳೆಯತೊಡಗಿದರು. ಅದೂ ಹಳತಾದ ಮೇಲೆ ಹೊಂದಾಣಿಕೆ, ರೈತರ ಅನುಭವ ಅಂತ ಶುರುವಾಯಿತು. ಬರೆದವರ ವಿಳಾಸ ನೋಡಿದರೆ ಬಹುಪಾಲು ಹಿಮ ಬೀಳುವ ಊರುಗಳು. ಇದನ್ನು ಒಮ್ಮೆ ಚಹಾ ಅಂಗಡಿಯಲ್ಲಿ ರಫೀಕಣ್ಣನಿಗೆ ವಿವರಿಸಲು ಹೋದೆ. ಅವನು ಗಾಜಿನ ಲೋಟ ಕೆಳಗಿಟ್ಟು ಹೇಳಿದ:

"ಅದ್ನೆಲ್ಲ ಓದ್ಬೇಕಾ ಮೇಡಂ? ನಮ್ಮನ್ ಕೇಳಿ. ಮೊದ್ಲು ಬಂದೋರು ಮಳೆ ಎಷ್ಟಾಯ್ತು ಅಂದ್ರು. ಆಮ್ಯಾಕ್ ಬಂದೋರು ನಿಮ್ಗೆ ಭಯ ಆಯ್ತದಾ ಅಂದ್ರು. ಈಗ ಬರೋರು ಹೆಂಗ್ ಹೊಂದ್ಕಂಡ್ರಿ ಅಂತವ್ರೆ. ಮುಂದಿನ ಸಲ ಬಂದೋರು ನಾವಿನ್ನೂ ಅದೀವಾ ಅಂತ ಇಣುಕಿ ನೋಡ್ಕಂಡ್ ಹೋಗ್ಬೋದು!"

ಅಂಗಡಿಯವರೆಲ್ಲ ನಕ್ಕರು, ನಾನೂ ನಕ್ಕೆ. ಮೊದಲ ಅಧ್ಯಾಯವನ್ನು ಅವನಿಗಿಂತ ಚುಟುಕಾಗಿ ಬರೆಯಲು ನನ್ನಿಂದ ಇವತ್ತಿಗೂ ಆಗಿಲ್ಲ.

ಮರುವರ್ಷ ನಗು ನಿಂತುಹೋಯಿತು. ಚಳಿ ಹೋಗುವ ಮೊದಲೇ ಬಿಸಿಲು ಬಂದು ಕೂತಿತು. ಮಧ್ಯಾಹ್ನ ಆಕಾಶ ಕಪ್ಪಗಾಗುತ್ತಿತ್ತು, ಗಾಳಿ ಎದ್ದು ಸಿಲ್ವರ್ ಓಕಿನ ಎಲೆಯೆಲ್ಲ ಉದುರಿಸುತ್ತಿತ್ತು, ಮೋಡ ಬಿಸಿಲೆ ಘಾಟಿಯ ಕಡೆಗೆ ಸರಿದು ಹೋಗುತ್ತಿತ್ತು. ದಿನಾ ಇದೇ ಆಟ. ದಿನ ದಿನಕ್ಕೆ ಕೆರೆಗಳ ಅಂಚಿನಲ್ಲಿ ಬಿರುಕು ಬಿಟ್ಟ ಕೆಸರು ಅಗಲವಾಗುತ್ತಾ ಬಂತು. ಬೆಳಗಾದರೆ ಗುಡ್ಡದ ಈ ಕಡೆ ಆ ಕಡೆ ಪಂಪುಗಳ ಸದ್ದು. ರಫೀಕಣ್ಣನ ಫೋನು ಸುಮ್ಮನಿರುತ್ತಿರಲಿಲ್ಲ. ಅವನ ಪಂಪು ಮೊದಲು ಯಾರ ತೋಟಕ್ಕೆ ಅಂತ ಅಣ್ಣ ತಮ್ಮಂದಿರೇ ಮಾತು ಬಿಟ್ಟರು.

ಜಯಕ್ಕ ತನ್ನ ಸರದಿ ಬಂದಾಗ ಎರಡೂವರೆ ಎಕರೆಗೆ ನೀರು ಹಾರಿಸಿದಳು. ಹಗ್ಗದೊಳಕ್ಕೆ ಹನಿ ಸಿಡಿಯದ ಹಾಗೆ ಸ್ಪ್ರಿಂಕ್ಲರನ್ನು ತಾನೇ ನಿಂತು ತಿರುಗಿಸಿದಳು. ದಿನ ತುಂಬಿದ ಮೇಲೆ ಅಷ್ಟು ಭಾಗ ಹಾಲು ಚೆಲ್ಲಿದ ಹಾಗೆ ಅರಳಿತು. ಹಗ್ಗದಾಚೆ ನನ್ನ ಪಟ್ಟೆ. ಎಲೆ ಜೋಲು ಬಿದ್ದು, ಮೊಗ್ಗು ತುದಿಯಲ್ಲಿ ಕಂದು ತಿರುಗುತ್ತಿತ್ತು. ಜೇನು ಹುಳುಗಳು ಹಗ್ಗದವರೆಗೆ ಬಂದು ತಿರುಗಿ ಹೋಗುತ್ತಿದ್ದವು. ನೋಡುವುದಕ್ಕೆ ನನ್ನ ಕೈಲಿ ಆಗುತ್ತಿರಲಿಲ್ಲ.

ಅವತ್ತು ಸಂಜೆ ನಮ್ಮ ಗೈಡಿಗೆ ಫೋನು ಮಾಡಿದೆ. ಒಳ್ಳೆಯ ಮನುಷ್ಯ, ವಿದ್ಯಾರ್ಥಿಗಳಿಗೆ ಕಷ್ಟ ಬಂದರೆ ಕೈಯಿಂದ ದುಡ್ಡು ಹಾಕಿ ಓದಿಸುವವರು. ವಿಷಯ ಕೇಳಿ ಅವರ ದನಿಯೇ ಬದಲಾಯಿತು.

"ಸುಮಾ, ಇಂಥ ವರ್ಷಕ್ಕಾಗಿ ಜನ ಕಾಯ್ತಾ ಇರ್ತಾರೆ. ನಿಮ್ಮ ಅದೃಷ್ಟ ಇದು. ನಮ್ಮ ಕಡೆಯಿಂದ ನೇರವಾಗಿ ತೋಟದಲ್ಲಿ ಅಳೆದದ್ದು ತುಂಬಾ ಕಡಿಮೆ ಇದೆ. ಇದೊಂದು ಸಿಕ್ಕಿದರೆ ನಿಮ್ಮ ಲೇಖನವನ್ನು ಯಾರೂ ತಳ್ಳಿಹಾಕೋಕಾಗಲ್ಲ. ಆ ಪ್ಲಾಟಿಗೆ ಒಂದು ತೊಟ್ಟೂ ನೀರು ಬೀಳದ ಹಾಗೆ ನೋಡ್ಕೊಳ್ಳಿ."

ಅದೃಷ್ಟ! ಆ ಪದ ಕೇಳಿ ಮೈ ಉರಿದುಹೋಯಿತು. ಆದರೆ ಅವರು ಹೇಳಿದ್ದು ಸುಳ್ಳೂ ಅಲ್ಲ. ಬರಗಾಲವೇ ಬರದಿದ್ದರೆ ಬರಗಾಲದ ಅಧ್ಯಯನ ಹೇಗೆ? ಆ ಪಟ್ಟೆ ಒಣಗಿದರೆ ನನಗೆ ಡಿಗ್ರಿ, ಒಣಗದಿದ್ದರೆ ಜಯಕ್ಕನಿಗೆ ಬೆಳೆ. ಎರಡೂ ಒಟ್ಟಿಗೆ ಆಗುವ ದಾರಿ ಇರಲಿಲ್ಲ. ಯಾವ ದಿನ ಮೊಗ್ಗು ಪೂರ್ತಿ ಸಾಯುತ್ತದೋ ಅಂತ ಎದ್ದ ತಕ್ಷಣ ತೋಟಕ್ಕೆ ಓಡುತ್ತಿದ್ದೆ. ಅದು ಸಾಯಲಿ ಅಂತ ಕಾಯುತ್ತಿದ್ದೆನೋ, ಬದುಕಲಿ ಅಂತ ಕಾಯುತ್ತಿದ್ದೆನೋ ನನಗೇ ತಿಳಿಯದಂತಾಗಿತ್ತು.

ಒಂದು ಬೆಳಗ್ಗೆ ರಫೀಕಣ್ಣ ಜಯಕ್ಕನ ಅಂಗಳಕ್ಕೆ ಗಾಡಿ ತಂದು ನಿಲ್ಲಿಸಿದ. ಪಂಪು ಹಿಂದೆಯೇ ಇತ್ತು. ಮುಖದಲ್ಲಿ ತಮಾಷೆಯ ಸುಳಿವಿರಲಿಲ್ಲ.

"ಜಯಕ್ಕ, ನಾಳೆ ಪಂಪು ದೋಣಿಗಲ್ಲಿಗೆ ಹೋಯ್ತದೆ. ದೊಡ್ ಎಸ್ಟೇಟು, ತಿಂಗ್ಳು ವಾಪಸ್ ಬರಾಕಿಲ್ಲ. ಇವತ್ತೊಂದಿನ ಐತೆ. ಆ ಪಟ್ಟೆಗೆ ಹಾರ್ಸದಾದ್ರೆ ಈಗ್ಲೇ ಹೇಳು. ಕೆರೇಲಿ ಇನ್ನೂ ಒಸಿ ನೀರೈತೆ."

ಜಯಕ್ಕ ಸೌದೆ ಒಡೆಯುವುದನ್ನು ನಿಲ್ಲಿಸಲೇ ಇಲ್ಲ. "ಬ್ಯಾಡ ಕಣೋ. ಅದು ಮೇಡಂದು."

ರಫೀಕಣ್ಣ ನನ್ನ ಮುಖ ನೋಡಿದ. ಗಿಡದ ಗತಿ ನಾನು ದಿನಾ ನೋಡುತ್ತಿದ್ದೆನಲ್ಲ, ಇನ್ನು ಎರಡು ದಿನ ಹೋದರೆ ಗಂಗೆಯನ್ನೇ ತಂದು ಸುರಿದರೂ ಆ ಮೊಗ್ಗು ಏಳುವುದಿಲ್ಲ ಅಂತ ಗೊತ್ತಿತ್ತು. ಸಾಕು ಅನ್ನಿಸಿಬಿಟ್ಟಿತು. ಡಿಗ್ರಿ ಹಾಳಾಗಿ ಹೋಗಲಿ.

"ಜಯಕ್ಕ, ನೀರು ಬಿಡಿ. ನಾನೇ ಹೇಳ್ತಿದೀನಿ. ಹಗ್ಗ ಬಿಚ್ಚಿಬಿಡ್ತೀನಿ" ಅಂದೆ.

ಜಯಕ್ಕ ಕೊಡಲಿ ಕೆಳಗಿಟ್ಟಳು. ಮುಖದಲ್ಲಿ ಗಾಬರಿ. "ಅಯ್ಯೋ, ಬ್ಯಾಡಿ ಮೇಡಂ! ಇಷ್ಟ್ ದಿನ ತಡ್ಕಂಡು ಈಗ ಕೆಡಿಸ್ಕೊಳ್ಳದಾ? ನಿಮ್ ಸಾಹೇಬ್ರು ಬಂದು ಫೋಟೋ ಹೊಡ್ಕಂಡು ಹೋಗ್ಲಿ, ಆಮ್ಯಾಕೆ ನೋಡನ."

"ಯಾವ ಸಾಹೇಬರು ಜಯಕ್ಕ? ಯಾವ ಫೋಟೋ?"

"ಪರಿಹಾರಕ್ಕೆ ಮತ್ತೆ! ಆನೆ ಬಂದಾಗ ನಂಗೆ ಬುದ್ಧಿ ಬಂದೈತೆ ಬುಡಿ. ಅವತ್ತು ಬಾಳೆನೆಲ್ಲ ತುಳ್ದು ಹೋಗಿತ್ತು. ಮನೆ ಮುಂದೆ ಹಂಗ್ ಬಿದ್ದಿರದು ನೋಡಕ್ಕಾಗ್ದೆ ಎಲ್ಲಾ ಎತ್ತಾಕಿ ಗುಡ್ಸಿ ಚೊಕ್ಕ ಮಾಡ್ಬುಟ್ಟೆ. ನೋಡಕ್ ಬಂದೋರು, ಎಲ್ಲಮ್ಮ ನಷ್ಟ ಆಗಿರದು, ಏನೂ ಕಾಣ್ತಿಲ್ವಲ್ಲ ಅಂದ್ಬುಟ್ರು. ಅವತ್ತಿಂದ ಒಂದ್ ಪಾಠ ಕಲ್ತ್ಕಂಡೀನಿ. ಹಾಳಾದ್ದು ಹಾಳಾದಂಗೇ ಇರ್ಬೇಕು, ನೋಡೋರು ಬಂದು ನೋಡೋಗಂಟ ಕೈಯಿಡಂಗಿಲ್ಲ. ಇದೂ ಹಂಗೇ ಅಲ್ವಾ? ಒಣಗಿದ್ದು ಪೂರಾ ಒಣಗ್ಲಿ. ನೀವ್ ತೋರ್ಸಿದ್ರೆ ನಮ್ ಕಡೆ ಸಣ್ಣೋರಿಗೆಲ್ಲ ಒಂದೊಂದ್ ಕೆರೆನಾದ್ರೂ ತೋಡ್ಸಿಕೊಡಾಕಿಲ್ವಾ?"

ನಾನು ಯಾವತ್ತೂ ಪರಿಹಾರದ ಮಾತೆತ್ತಿರಲಿಲ್ಲ. ಹಗ್ಗ ಕಟ್ಟಿದ ದಿನವೇ ಇದು ಓದಿಗೆ, ಅಧ್ಯಯನಕ್ಕೆ ಅಂತ ಬಿಡಿಸಿ ಬಿಡಿಸಿ ಹೇಳಿದ್ದೆ. ಆದರೆ ಆನೆಯ ಸೀಮೆಯಲ್ಲಿ ಅಧ್ಯಯನ ಅಂದರೆ ಏನು? ಹೊರಗಿನಿಂದ ಯಾರೋ ಬರುತ್ತಾರೆ, ಟೇಪು ಹಿಡಿಯುತ್ತಾರೆ, ಹಾಳಾದದ್ದನ್ನು ಅಳೆಯುತ್ತಾರೆ, ಎಂದಾದರೂ ಒಂದು ದಿನ ಏನಾದರೂ ಬರುತ್ತದೆ. ಜಯಕ್ಕ ಕಂಡಿದ್ದೇ ಅದು. ಅವಳ ಎಣಿಕೆಯಲ್ಲಿ ತಪ್ಪಿರಲಿಲ್ಲ, ನಾನು ಪರಿಹಾರ ತರುವವರ ಪೈಕಿಯಲ್ಲ ಅನ್ನುವುದೊಂದು ಅವಳಿಗೆ ಗೊತ್ತಿರಲಿಲ್ಲ. ಆ ಅರ್ಧ ಎಕರೆಯನ್ನು ಅವಳು ಊರಿನ ಕೆರೆಗಳಿಗಾಗಿ ಸಾಯಲು ಬಿಟ್ಟಿದ್ದಳು.

ಹೇಳಲೇಬೇಕಿತ್ತು. "ಜಯಕ್ಕ, ಯಾರೂ ಬರಲ್ಲ. ಫೋಟೋ ಇಲ್ಲ, ಪರಿಹಾರ ಇಲ್ಲ. ನಾನು ಎಣಿಸ್ತೀನಿ, ಲೇಖನ ಬರೀತೀನಿ. ಅಷ್ಟೇ."

"ಲೇಖ್ನ ಬಂದ್ಮ್ಯಾಕೆ?"

"ನನ್ನ ಹಾಗೆ ಓದೋರು ಅದನ್ನ ಓದ್ತಾರೆ. ಓದಿ ಇನ್ನೊಂದು ಬರೀತಾರೆ."

"ಅವ್ರು ಕೆರೆ ತೋಡ್ಸಾಕಿಲ್ವಾ?"

"ಇಲ್ಲ ಜಯಕ್ಕ."

ರಫೀಕಣ್ಣ ಗಾಡಿಯ ಕಡೆ ಮುಖ ತಿರುಗಿಸಿದ. ಜಯಕ್ಕ ನನ್ನತ್ತ ತಿರುಗಿದಳು. ಎರಡು ವರ್ಷದಿಂದ ಅವಳ ಮನೆಯಲ್ಲಿ ಅಕ್ಕಿರೊಟ್ಟಿ ತಿಂದಿದ್ದೆ, ಜ್ವರ ಬಂದಾಗ ಅವಳು ಮಾಡಿಕೊಟ್ಟ ಮೆಣಸಿನ ಸಾರು ಕುಡಿದಿದ್ದೆ. ಅವಳ ಕಣ್ಣಲ್ಲಿ ಆ ನೋಟವನ್ನು ಹಿಂದೆಂದೂ ಕಂಡಿರಲಿಲ್ಲ. ಮೇಡಂ ಅನ್ನುವುದು ಅಲ್ಲಿಗೆ ಬಿದ್ದುಹೋಯಿತು.

"ಹಂಗಾದ್ರೆ ನೀನ್ ಯಾಕ್ ಬಂದೆ?"

ಇದ್ದದ್ದನ್ನೇ ಹೇಳಿದೆ. "ಓದೋಕೆ ಬಂದೆ ಜಯಕ್ಕ. ಡಿಗ್ರಿಗೆ."

"ಡಿಗ್ರಿಗೆ" ಅಂದಳು ಅವಳು. ಆಮೇಲೆ ಸಿಟ್ಟು ಬಂತು ನೋಡಿ. "ಥೂ! ಮೊದ್ಲೇ ಬಾಯ್ ಬುಟ್ಟು ಕೇಳಿದ್ರೆ ನಾನ್ ಕೊಡಾಕಿಲ್ಲ ಅಂತಿದ್ನಾ? ನನ್ ಮಗಳಂಥೋಳು ಓದ್ತಾಳೆ ಅಂತ ನಾಕ್ ಗಿಡ ಬುಡ್ತಿದ್ದೆ. ನಾಕೇ ಬುಡ್ತಿದ್ದೆ! ಇಷ್ಟುದ್ದ ಬುಡ್ತಿದ್ನಾ? ಊರೋರೆಲ್ಲ ನಿಂಗೇನ್ ತಲೆ ಕೆಟ್ಟೈತಾ ಜಯಾ ಅಂದ್ರು. ಮನೆಯೋರು ಎರಡು ವಾರದಿಂದ ಮಾತಾಡ್ತಿಲ್ಲ. ಎಲ್ರಿಗೂ ಉತ್ರ ಹೇಳ್ಕಂಡು ಬಂದೆ, ನೋಡ್ತಿರಿ ಬತ್ತದೆ, ಬತ್ತದೆ ಅಂತ. ಈಗ ಯಾರ್ಗ್ ಏನ್ ಹೇಳ್ಲವ್ವ ನಾನು?"

ಅಳು ಬಂತು. ಅತ್ತರೆ ಇನ್ನೂ ಅಸಹ್ಯ ಅಂತ ತುಟಿ ಕಚ್ಚಿಕೊಂಡು ನಿಂತೆ. ಅವಳು ಸೆರಗು ಸೊಂಟಕ್ಕೆ ಬಿಗಿದು ಗಾಡಿಯ ಹತ್ತಿರ ಹೋದಳು.

"ಇಳ್ಸೋ ರಫೀಕ. ನೀನೇನ್ ಮಕ ನೋಡ್ಕಂಡ್ ನಿಂತಿದೀಯ, ಬಾ, ಪೈಪ್ ಹಿಡಿ."

ಎರಡನೆಯದು ನನಗೆ ಹೇಳಿದ್ದು. ಓಡಿ ಹೋಗಿ ಹಿಡಿದೆ.

ಆ ದಿನದಷ್ಟು ಕೆಲಸ ನಾನು ಹುಟ್ಟಿದ ಮೇಲೆ ಮಾಡಿಲ್ಲ. ಕೆರೆಯಿಂದ ಇಳಿಜಾರಿನ ಕೊನೆಯವರೆಗೆ ಪೈಪು ಜೋಡಿಸಬೇಕು, ಒಂದೊಂದು ಪೈಪೂ ಬಿಸಿಲಿಗೆ ಕಾದು ಕೈ ಸುಡುತ್ತಿತ್ತು. ಹಳದಿ ಹಗ್ಗವನ್ನು ಹಲ್ಲಿನಲ್ಲಿ ಕಚ್ಚಿ ಬಿಚ್ಚಿದೆ. ಡೀಸೆಲ್ ಪಂಪು ಹೊಗೆ ಉಗುಳಿ, ಕೆಮ್ಮಿ ಕೆಮ್ಮಿ ಕೊನೆಗೂ ಹತ್ತಿತು. ಸ್ಪ್ರಿಂಕ್ಲರ್ ತಿರುಗಿ ಮೊದಲ ನೀರು ಆ ಎಲೆಗಳ ಮೇಲೆ ಬಿದ್ದಾಗ ಎದ್ದ ಮಣ್ಣಿನ ವಾಸನೆಗೆ ನನ್ನ ಕಣ್ಣು ತುಂಬಿತು. ಅವತ್ತಿಡೀ ಜಯಕ್ಕ ನನ್ನ ಜೊತೆ ಮಾತಾಡಿದ್ದು ಹಿಡಿ, ಬುಡು, ಆ ಕಡೆ ಎಳಿ, ಅಷ್ಟೇ.

ಒಂದೇ ಸಲಕ್ಕೆ ಪಟ್ಟೆಯೆಲ್ಲ ನೆನೆಯುವುದಿಲ್ಲ. ಒಂದು ಕಡೆ ನೆಲ ಕುಡಿದು ತಣಿದ ಮೇಲೆ ಸ್ಪ್ರಿಂಕ್ಲರನ್ನು ಕಿತ್ತು ಮುಂದಕ್ಕೆ ನೆಡಬೇಕು. ಅರೆಬರೆ ನೆನೆಸಿದರೆ ಮೊಗ್ಗು ಅರ್ಧ ಎದ್ದು ಸಾಯುತ್ತದೆ, ಅದಕ್ಕಿಂತ ಬಿಡದಿರುವುದೇ ಮೇಲು. ನಾವು ಹೀಗೆ ಇಳಿಜಾರಿನಲ್ಲಿ ಕೆಳಗೆ ಕೆಳಗೆ ಸರಿಯುತ್ತಿದ್ದರೆ ರಫೀಕಣ್ಣ ಕೆರೆಯ ಏರಿಯ ಮೇಲಿಂದ ನೀರಿನ ಮಟ್ಟ ಕೂಗಿ ಹೇಳುತ್ತಿದ್ದ. ಮೊಣಕಾಲುದ್ದ ಐತೆ ಅಂದ. ಗೇಣುದ್ದ ಐತೆ ಅಂದ. ಆಮೇಲೆ ಕೂಗುವುದನ್ನೇ ನಿಲ್ಲಿಸಿದ. ಬಿಸಿಲು ಇಳಿಯುವ ಹೊತ್ತಿಗೆ ಸ್ಪ್ರಿಂಕ್ಲರ್ ತೊದಲಿ, ಕೆಸರು ನೀರು ಉಗಿದು ನಿಂತುಹೋಯಿತು. ಮೇಲಿನಿಂದ ಪಂಪು ಗಾಳಿ ಎಳೆಯುವ ಕರ್ಕಶ ಸದ್ದು. ಅದನ್ನು ಆರಿಸಿದ ಮೇಲೆ ಗುಡ್ಡವೇ ಉಸಿರು ಹಿಡಿದ ಹಾಗೆ ನಿಶ್ಶಬ್ದವಾಯಿತು.

ಕೆಳಗಿನ ಕೆಲವು ಸಾಲುಗಳಿಗೆ ಹನಿಯೂ ಮುಟ್ಟಿರಲಿಲ್ಲ. ಜಯಕ್ಕ ಆ ಸಾಲಿನ ಹತ್ತಿರ ಹೋಗಿ ಒಂದು ಗಿಡದ ಎಲೆ ಮುಟ್ಟಿ ನೋಡಿ, ಪೈಪು ಬಿಚ್ಚಲು ಶುರು ಮಾಡಿದಳು.

ರೂಮಿಗೆ ಬಂದು ಗೈಡಿಗೆ ಫೋನು ಮಾಡಿ ಇದ್ದದ್ದು ಇದ್ದ ಹಾಗೆ ಹೇಳಿದೆ. "ಒಂದು ವಾರ ತಡ್ಕೊಳ್ಳೋಕಾಗ್ಲಿಲ್ವಾ ಸುಮಾ? ಪ್ರಯೋಗ ಕೆಟ್ಟ ಮೇಲೆ ಆ ತೋಟ ನಮಗೆ ಉಪಯೋಗಕ್ಕೆ ಬರಲ್ಲ, ಕೈಬಿಡಿ" ಅಂದರು. ಅಂದರೆ ಎರಡು ವರ್ಷದ ನನ್ನ ಓಡಾಟ ಮಣ್ಣುಪಾಲು. ಅವರ ಮೇಲೆ ಸಿಟ್ಟು ಬರಲಿಲ್ಲ. ಇನ್ನೊಂದು ಬರದ ವರ್ಷ ಬರಲಿ ಅಂತ ಕಾಯಬೇಕಲ್ಲ, ಅದನ್ನು ನೆನೆದು ಹೇಸಿಗೆಯಾಯಿತು.

ಜಯಕ್ಕನ ತೋಟಕ್ಕೆ ಹೋಗಲು ಮುಖವಿರಲಿಲ್ಲ. ಏಳೆಂಟು ದಿನ ಬೇರೆ ತೋಟಗಳಲ್ಲಿ ಸುತ್ತಿದೆ, ಮಳೆಯ ಸುಳಿವಿಲ್ಲ. ಆ ಮೇಲೆ ಒಂದು ಬೆಳಗ್ಗೆ ರಫೀಕಣ್ಣನ ಫೋನು. "ಮೇಡಂ, ಜಯಕ್ಕ ಬರಕ್ ಹೇಳವ್ಳೆ. ಏನಂತ ಹೇಳ್ಲಿಲ್ಲ. ಹೋಗ್ಬುಡಿ ಒಂದ್ಸಲ, ಮಾರಾಯ್ರೆ." ಬೈಸಿಕೊಳ್ಳಲು ಸಿದ್ಧವಾಗಿಯೇ ಹೋದೆ.

ಜಯಕ್ಕ ತೋಟದ ಮೇಲಿನ ಅಂಚಿನಲ್ಲಿ ನಿಂತಿದ್ದಳು. ಕೆಳಗೆ ನೋಡಿದೆ. ಪಟ್ಟೆ ಅರಳಿತ್ತು. ಮೊದಲು ಅರಳಿದ ಎರಡೂವರೆ ಎಕರೆಯಷ್ಟು ದಟ್ಟವಾಗಿಲ್ಲ, ಅಲ್ಲಲ್ಲಿ ತೇಪೆ ತೇಪೆ. ಆದರೂ ಬಿಳುಪು, ಘಮ, ತುಂಬಾ ಜೇನು. ಆ ಬಿಳುಪು ಇಳಿಜಾರಿನಲ್ಲಿ ಇಳಿಯುತ್ತಾ ಇಳಿಯುತ್ತಾ ಒಂದು ಕಡೆ ಗೆರೆ ಎಳೆದ ಹಾಗೆ ನಿಂತಿತ್ತು. ಅದರಾಚೆಗೆ ನೀರು ಮುಟ್ಟದ ಸಾಲುಗಳು ಒಲೆಯೊಳಗಿಂದ ತೆಗೆದ ಹಾಗೆ ಕರ್ರಗೆ ನಿಂತಿದ್ದವು.

ಜಯಕ್ಕ ಆ ಸಾಲುಗಳ ಕಡೆ ಗಲ್ಲ ಎತ್ತಿ ತೋರಿಸಿದಳು.

"ಅದ್ನ ಎಣಿಸ್ಕೋ."

"ಬೇಡ ಜಯಕ್ಕ. ನನಗೆ ಯಾವ ಲೆಕ್ಕವೂ ಬೇಡ."

"ನಿಂಗ್ ಬ್ಯಾಡ್ದಿದ್ರೆ ಬುಡು, ನಂಗ್ ಬೇಕು. ಅದು ನಿನ್ ಹಗ್ಗಕ್ ಒಣಗಿದ್ದಲ್ಲ. ಯಾರೋ ಬತ್ತಾರೆ ಅಂತ ನಾನ್ ಒಣಗ್ಸಿದ್ದೂ ಅಲ್ಲ. ಉಳಿಸ್ಕೊಳನ ಅಂತ ಹೋದ್ವಿ, ನೀರ್ ಸಾಲ್ಲಿಲ್ಲ, ಹೋಯ್ತು. ಬರೆಯದಾದ್ರೆ ಅದ್ನ ಬರಿ. ಓದೋರು ಓದ್ಕಳ್ಲಿ, ಬುಡೋರು ಬುಡ್ಲಿ."

ನಾನು ಕೆಳಗಿಳಿಯಲು ಹೋಗಿ ಅಲ್ಲೇ ತಡೆದು ನಿಂತೆ. ಕಾಫಿ ಅರಳಿದ ದಿನ ಆ ಕಡೆ ಯಾರೂ ತೋಟದೊಳಗೆ ಕಾಲಿಡುವುದಿಲ್ಲ. ಮೈ ತಾಗಿದರೆ ಹೂವು ಉದುರುತ್ತದೆ, ಕಾಯಿ ಕಟ್ಟುವುದಿಲ್ಲ ಅಂತ. ಸ್ವಂತ ಒಡೆಯನಾದರೂ ಹೂವು ಬಾಡುವವರೆಗೆ ಅಂಚಿನಲ್ಲೇ ನಿಂತು ನೋಡಬೇಕು.

"ಹೂವಿದೆಯಲ್ಲ ಜಯಕ್ಕ, ಇವತ್ತು ಒಳಗೆ ಹೋಗಬಾರದಲ್ಲ?"

"ಕೆಳಗಿನ ಹಳ್ಳದ ಕಡೆಯಿಂದ ಬಳಸ್ಕಂಡ್ ಹೋಗು" ಅಂದಳು ಜಯಕ್ಕ. "ಆ ಸಾಲಿಗ್ ಯಾರ್ ಹೋದ್ರೇನವ್ವ? ಮುಟ್ಟಿದ್ರೆ ಉದ್ರಕ್ಕೆ ಅಲ್ಲೇನೈತೆ?"